ಬಸಿದ ನೀರಲ್ಲೇ ಅರ್ಧ ಊಟವಿದೆ

ಆಹಾರದ ಸಲಹೆ ಕೇಳಿ ಬಂದವರನ್ನು ನಾನು ಮೊದಲು ಕೇಳುವ ಪ್ರಶ್ನೆ, "ನಿನ್ನೆ ರಾತ್ರಿ ಏನು ಊಟ ಮಾಡಿದ್ರಿ?" ಸಸ್ಯಾಹಾರಿಗಳಿಂದ ಬರುವ ಉತ್ತರ ಹೆಚ್ಚುಕಡಿಮೆ ಒಂದೇ ಥರ. ಅನ್ನ, ತಿಳಿಸಾರು, ಹಪ್ಪಳ. ಇಲ್ಲವೇ ಮೊಸರನ್ನ, ಉಪ್ಪಿನಕಾಯಿ. ಪಲ್ಯ ಮಾಡಲಿಲ್ವಾ ಅಂದರೆ, "ಕೆಲಸದಿಂದ ಬಂದು ಎರಡೆರಡು ಅಡುಗೆ ಎಲ್ಲಿ ಮಾಡೋದು ಮೇಡಂ?" ಅನ್ನುತ್ತಾರೆ.

ಅವರು ಹೇಳುವುದು ನಿಜ. ಮೊದಮೊದಲು ನಾನು ಅದಕ್ಕೆ ಬೆಲೆ ಕೊಡುತ್ತಿರಲಿಲ್ಲ. ಸೋಮವಾರಕ್ಕೆ ಇದು, ಮಂಗಳವಾರಕ್ಕೆ ಅದು ಅಂತ ಉದ್ದದ ಪಟ್ಟಿ ಬರೆದು ಕೊಡುತ್ತಿದ್ದೆ. ತಿಂಗಳು ಬಿಟ್ಟು ಬಂದಾಗ ಕೇಳಿದರೆ ಎರಡು ದಿನ ಮಾಡಿ ಬಿಟ್ಟಿರುತ್ತಿದ್ದರು. ಈಗ ಆ ಪಟ್ಟಿ ಬರೆಯುವುದಿಲ್ಲ. ವಾರಕ್ಕೆ ಎರಡು ದಿನ ಬಸ್ಸಾರು ಮಾಡಿ ಅನ್ನುತ್ತೇನೆ.

ಮಂಡ್ಯ, ಮೈಸೂರು, ಹಾಸನದ ಕಡೆಯವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಉಳಿದವರಿಗಾಗಿ ಹೇಳುತ್ತೇನೆ. ಕಾಳು, ಸೊಪ್ಪು ಬೇಯಿಸಿ ನೀರು ಬಸಿಯುವುದು. ಬಸಿದ ನೀರು ಸಾರಾಗುತ್ತದೆ, ಉಳಿದದ್ದು ಪಲ್ಯ. ಒಂದೇ ಸಲದ ಬೇಯಿಸುವಿಕೆಯಲ್ಲಿ ಎರಡು ಅಡುಗೆ.

ನಾಲ್ಕು ಜನಕ್ಕೆ ಒಂದು ಲೋಟ ಹೆಸರುಕಾಳು, ಸುಮಾರು 200 ಗ್ರಾಂ, ಸಾಕು. ಹೆಸರುಕಾಳನ್ನು ನೆನೆಸದಿದ್ದರೂ ನಡೆಯುತ್ತದೆ. ಹುರುಳಿಕಾಳಾದರೆ ಹಿಂದಿನ ರಾತ್ರಿಯೇ ನೆನೆಹಾಕಬೇಕು. ಐದು ಲೋಟ ನೀರು ಹಾಕಿ ಕುಕ್ಕರಿನಲ್ಲಿ ಎರಡು ವಿಸಿಲ್ ಕೂಗಿಸಿ. ಕಾಳು ಬೆಂದಿರಬೇಕು, ಕರಗಬಾರದು. ಮುಚ್ಚಳ ತೆಗೆದು ದಂಟಿನ ಸೊಪ್ಪು, ಸಬ್ಬಸಿಗೆ, ಏನಿದೆಯೋ ಅದನ್ನು ಹೆಚ್ಚಿ ಹಾಕಿ, ಉಪ್ಪು ಸೇರಿಸಿ ಐದು ನಿಮಿಷ ಕುದಿಸಿ. ಸೊಪ್ಪನ್ನು ಮೊದಲು ತೊಳೆದು ಆಮೇಲೆ ಹೆಚ್ಚಿ. ಹೆಚ್ಚಿದ ಮೇಲೆ ತೊಳೆದರೆ ಸತ್ವ ಸಿಂಕಿಗೆ ಹೋಗುತ್ತದೆ.

ಈಗ ಬಸಿಯಿರಿ. ಈ ನೀರಿಗೆ ಕಟ್ಟು ಅನ್ನುತ್ತಾರೆ. ಹುರಿದ ಈರುಳ್ಳಿ, ಬೆಳ್ಳುಳ್ಳಿ, ಸ್ವಲ್ಪ ಮೆಣಸು, ಜೀರಿಗೆ, ಸಾರಿನ ಪುಡಿ, ಕಾಯಿತುರಿ, ಹುಣಸೆಹಣ್ಣು, ಜೊತೆಗೆ ಬೆಂದ ಕಾಳು ಸೊಪ್ಪು ಒಂದು ಹಿಡಿ ಸೇರಿಸಿ ರುಬ್ಬಿ. ಕಟ್ಟಿಗೆ ಹಾಕಿ ಕುದಿಸಿ ಒಗ್ಗರಣೆ ಕೊಡಿ. ಆ ಒಂದು ಹಿಡಿ ಮರೆಯಬೇಡಿ, ಸಾರಿಗೆ ಮೈ ಬರುವುದೇ ಅದರಿಂದ. ಸಾರು ಕುದಿಯುವಷ್ಟರಲ್ಲಿ ಪಕ್ಕದ ಒಲೆಯಲ್ಲಿ ಪಲ್ಯಕ್ಕೆ ಸಾಸಿವೆ, ಒಣಮೆಣಸಿನಕಾಯಿ, ಈರುಳ್ಳಿ ಒಗ್ಗರಣೆ ಹಾಕಿ, ಕಾಯಿತುರಿ ಉದುರಿಸಿದರೆ ಮುಗಿಯಿತು.

ನಾನು ಬಸ್ಸಾರನ್ನೇ ಹಿಡಿದುಕೊಂಡಿರುವುದಕ್ಕೆ ಮುಖ್ಯ ಕಾರಣ ಆ ಕಟ್ಟು. ಸೊಪ್ಪು, ಕಾಳಿನಲ್ಲಿರುವ ಫೋಲೇಟ್, ಬಿ ಗುಂಪಿನ ಬೇರೆ ವಿಟಮಿನ್‌ಗಳು, ಪೊಟ್ಯಾಸಿಯಂ ನೀರಿನಲ್ಲಿ ಕರಗುತ್ತವೆ. ಎಷ್ಟೋ ಮನೆಗಳಲ್ಲಿ ಸೊಪ್ಪು ಬೇಯಿಸಿ, ಹಿಂಡಿ, ಆ ನೀರನ್ನು ಸುಮ್ನೆ ಚೆಲ್ಲುತ್ತಾರೆ. ಇಲ್ಲಿ ಆ ನೀರೇ ತಟ್ಟೆಗೆ ಬರುತ್ತದೆ. ನಮ್ಮ ಹಿರಿಯರು ವಿಟಮಿನ್ ಲೆಕ್ಕ ಹಾಕಿರಲಿಕ್ಕಿಲ್ಲ. ಆದರೆ ಈ ಅಡುಗೆಗಿಂತ ಒಳ್ಳೆಯದನ್ನು ನಾನು ಓದಿದ ಯಾವ ಪಾಠವೂ ನನಗೆ ಕೊಟ್ಟಿಲ್ಲ.

ಪ್ರೊಟೀನ್ ವಿಷಯಕ್ಕೆ ಬರೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿರುವಂತೆ ದೊಡ್ಡವರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೊಟೀನ್ ಬೇಕು. 55 ಕಿಲೋ ತೂಕದ ಹೆಣ್ಣುಮಗಳಿಗೆ ಸುಮಾರು 46 ಗ್ರಾಂ. 200 ಗ್ರಾಂ ಹೆಸರುಕಾಳನ್ನು ನಾಲ್ವರಿಗೆ ಹಂಚಿದರೆ ತಲಾ 11 ಗ್ರಾಂ ಬರುತ್ತದೆ. ಜೊತೆಗೆ 100 ಗ್ರಾಂ ಹಿಟ್ಟಿನ ಮುದ್ದೆಯಿದ್ದರೆ ಇನ್ನೂ ಏಳು ಗ್ರಾಂ, ಮೇಲೆ 300 ಮಿಲಿಗ್ರಾಂಗಿಂತ ಜಾಸ್ತಿ ಕ್ಯಾಲ್ಸಿಯಂ. ರಾಗಿ, ಅಕ್ಕಿಯಲ್ಲಿ ಕಡಿಮೆಯಿರುವ ಲೈಸಿನ್, ಅಂದರೆ ಮೈಗೆ ಬೇಕೇ ಬೇಕಾದ ಪ್ರೊಟೀನಿನ ಒಂದು ಅಂಶ, ಕಾಳಿನಲ್ಲಿದೆ. ಅದಕ್ಕೇ ಬರೀ ಅನ್ನ ತಿಳಿಸಾರಿನ ಊಟ ಹೊಟ್ಟೆ ತುಂಬಿಸಿದರೂ ಸಾಲುವುದಿಲ್ಲ.

ಇನ್ನು ಕಬ್ಬಿಣಾಂಶ. ಮುಟ್ಟು ನಿಲ್ಲದ ಹೆಂಗಸರಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕು, ಗಂಡಸರಿಗೆ 19. ಸೊಪ್ಪು, ಕಾಳಿನ ಕಬ್ಬಿಣಾಂಶ ನಮ್ಮ ಮೈಗೆ ಸುಲಭವಾಗಿ ಹತ್ತುವುದಿಲ್ಲ. ವಿಟಮಿನ್ ಸಿ ಜೊತೆಗಿದ್ದರೆ ಚೆನ್ನಾಗಿ ಹತ್ತುತ್ತದೆ. ಬೇಯಿಸುವಾಗ ಸೊಪ್ಪಿನ ವಿಟಮಿನ್ ಸಿ ಬಹಳಷ್ಟು ಹಾಳಾಗುವುದರಿಂದ, ತಟ್ಟೆಗೆ ಬಡಿಸಿದ ಮೇಲೆ ಪಲ್ಯಕ್ಕೆ ನಿಂಬೆಹಣ್ಣು ಹಿಂಡಿಕೊಳ್ಳಿ. ಊಟವಾದ ಕೂಡಲೇ ಕಾಫಿ, ಟೀ ಕುಡಿಯಬೇಡಿ. ಒಂದು ಗಂಟೆ ತಡೆಯಿರಿ. ನನ್ನ ಬಳಿ ಬರುವ ಹೆಣ್ಣುಮಕ್ಕಳಿಗೆ ಪದೇಪದೇ ಹೇಳುವ ಮಾತಿದು. ಮನೆಯವರಿಗೆಲ್ಲ ಬಡಿಸಿ, ತಳದಲ್ಲಿ ಉಳಿದ ಸಾರಿನಲ್ಲಿ ಊಟ ಮುಗಿಸುವವರು ಅವರೇ ಅಲ್ವಾ? ಪಲ್ಯದಲ್ಲಿ ನಿಮ್ಮ ಪಾಲನ್ನು ಮೊದಲೇ ತೆಗೆದಿಡಿ.

ಒಂದು ಎಚ್ಚರಿಕೆ. ಕಿಡ್ನಿ ತೊಂದರೆಯಿದ್ದು, ಪೊಟ್ಯಾಸಿಯಂ ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿದ್ದರೆ ಈ ಕಟ್ಟು ಬೇಡ. ಅವರಿಗೆ ಬೇಯಿಸಿದ ನೀರು ಚೆಲ್ಲುವುದೇ ಸರಿ. ಪಲ್ಯ ಎಷ್ಟು ತಿನ್ನಬಹುದು ಅನ್ನುವುದನ್ನೂ ಡಾಕ್ಟರನ್ನೇ ಕೇಳಬೇಕು.

ಒಬ್ಬರೇ ಇರುವವರು ಅರ್ಧ ಲೋಟ ಕಾಳು ಹಾಕಿ. ಎರಡು ಹೊತ್ತಿಗೆ ಆಗುತ್ತದೆ. ಉಳಿದದ್ದನ್ನು ಆರಿದ ಕೂಡಲೇ ಫ್ರಿಜ್ಜಿನಲ್ಲಿಡಿ. ಬಸ್ಸಾರು ಮರುದಿನ ಇನ್ನೂ ರುಚಿ. ಕುದಿಸಿ ಬಿಸಿ ಮಾಡಿಕೊಂಡರೆ ಆಯಿತು.

ದಿನಾ ರುಬ್ಬುವುದೂ ಆಗದು ಅನ್ನುವವರಿಗೆ ಉಪ್ಪೆಸರು ಇದೆ. ಕಾಳು ಸೊಪ್ಪನ್ನು ಹೀಗೇ ಬೇಯಿಸಿ ಬಸಿಯಿರಿ. ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಮೆಣಸು, ಜೀರಿಗೆ, ಹುಣಸೆಹಣ್ಣು, ಉಪ್ಪು ಸೇರಿಸಿ ಗಟ್ಟಿಯಾಗಿ ರುಬ್ಬಿದ ಖಾರವನ್ನು ತಟ್ಟೆಯ ಬದಿಗೆ ಇಟ್ಟುಕೊಂಡು, ಬಿಸಿ ಕಟ್ಟಿಗೆ ಬೇಕಾದಷ್ಟು ಕಲಸಿಕೊಳ್ಳಿ. ಖಾರವನ್ನು ಭಾನುವಾರ ರುಬ್ಬಿ ಫ್ರಿಜ್ಜಿನಲ್ಲಿಟ್ಟರೆ ಬುಧವಾರದವರೆಗೆ ಮಿಕ್ಸಿ ತೆಗೆಯಬೇಕಾಗಿಲ್ಲ.