ಹೃದಯದ ರಕ್ತಹರಿವು: ವೇಗದ ಎಂಆರ್‌ಐ ಏನು ಉಳಿಸುತ್ತದೆ, ಏನು ಕಳೆಯುತ್ತದೆ

ಮಹಾಪಧಮನಿಯ ಕವಾಟ ಸೋರುತ್ತಿದೆ ಎಂದು ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಗೊತ್ತಾದ ಮೇಲೆ ವೈದ್ಯರಿಗೆ ಬೇಕಿರುವುದು ಲೆಕ್ಕ: ಪ್ರತಿ ಬಡಿತಕ್ಕೆ ಎಷ್ಟು ಮಿಲಿಲೀಟರ್ ರಕ್ತ ಮುಂದೆ ಹೋಯಿತು, ಎಷ್ಟು ವಾಪಸ್ ಬಂತು? ಎಂಆರ್‌ಐ ಇದನ್ನು ನೇರವಾಗಿ ಅಳೆದುಕೊಡುತ್ತದೆ. ಆದರೆ ತುಂಬ ಹೊತ್ತು ಹಿಡಿಯುತ್ತದೆ.

ಒಂದು ಗ್ರೇಡಿಯಂಟ್ (ಜಾಗದಿಂದ ಜಾಗಕ್ಕೆ ಬಲ ಬದಲಾಗುವ ಕಾಂತಕ್ಷೇತ್ರ) ಕೊಟ್ಟು, ಕೂಡಲೇ ಅಷ್ಟೇ ಬಲದ ವಿರುದ್ಧ ಗ್ರೇಡಿಯಂಟ್ ಕೊಟ್ಟರೆ ನಿಶ್ಚಲ ಅಂಗಾಂಶದಲ್ಲಿ ಎರಡರ ಪರಿಣಾಮವೂ ವಜಾ ಆಗುತ್ತದೆ. ಹರಿಯುವ ರಕ್ತ ಅಷ್ಟರಲ್ಲಿ ಜಾಗ ಬದಲಿಸಿರುವುದರಿಂದ ಅದರ ಸಂಕೇತದಲ್ಲಿ ಸ್ವಲ್ಪ ಫೇಸ್ (ಸಂಕೇತದ ಅಲೆ ಸರಿದ ಕೋನ) ಉಳಿಯುತ್ತದೆ. ವೇಗ ಹೆಚ್ಚಿದಷ್ಟೂ ಅದು ಹೆಚ್ಚು. ಫೇಸ್ 180 ಡಿಗ್ರಿ ತಲುಪುವ ವೇಗಕ್ಕೆ ವೆಂಕ್ ಎನ್ನುತ್ತಾರೆ. ಅದನ್ನು ಸ್ಕ್ಯಾನ್‌ಗೆ ಮುಂಚೆಯೇ ನಿಗದಿ ಮಾಡಬೇಕು. ವೆಂಕ್ ಸೆಕೆಂಡಿಗೆ 150 ಸೆಂ.ಮೀ. ಇದ್ದು ರಕ್ತ 170ರಲ್ಲಿ ಹರಿದರೆ, ಚಿತ್ರದಲ್ಲಿ ಅದು 130 ಸೆಂ.ಮೀ. ವೇಗದಲ್ಲಿ ಹಿಂದಕ್ಕೆ ಓಡಿದಂತೆ ಕಾಣುತ್ತದೆ. ಹಾಗಂತ ಸುಮ್ಮನೆ 400 ಇಟ್ಟರೆ ನಿಧಾನದ ಹರಿವು ಗದ್ದಲದಲ್ಲಿ ಮುಳುಗುತ್ತದೆ.

ಮೂರು ದಿಕ್ಕಿನ ವೇಗವನ್ನೂ ಹಿಡಿಯುವ 4ಡಿ ಫ್ಲೋ ಸ್ಕ್ಯಾನ್‌ನಲ್ಲಿ ಚಿತ್ರ ಕಟ್ಟಲು ಬೇಕಾದ ಕಚ್ಚಾ ದತ್ತಾಂಶದ ಪ್ರತಿ ಸಾಲನ್ನು ನಾಲ್ಕು ಸಲ ಅಳೆಯಬೇಕು. ಒಂದು ಅಳತೆಗೆ 5 ಮಿಲಿಸೆಕೆಂಡ್ ಎಂದರೆ ಸಾಲಿಗೆ 20. ಹೃದಯದ ಚಲನೆ ಮಸುಕಾಗದಿರಲು ಒಂದು ಫ್ರೇಮ್ (ಬಡಿತದ ಒಂದು ಕ್ಷಣದ ಚಿತ್ರ) 40 ಮಿಲಿಸೆಕೆಂಡ್ ದಾಟಬಾರದು. ಹಾಗಾಗಿ ಒಂದು ಬಡಿತದಲ್ಲಿ ಪ್ರತಿ ಫ್ರೇಮಿಗೆ ಎರಡೇ ಸಾಲು ಸಿಗುತ್ತವೆ. 128 ಗುಣಿಸು 30 ಸಾಲುಗಳಿಗೆ 1,920 ಬಡಿತ ಬೇಕು, ನಿಮಿಷಕ್ಕೆ 60 ಬಡಿತವಾದರೆ 32 ನಿಮಿಷ. ಉಸಿರಾಟದಿಂದ ಅರ್ಧ ದತ್ತಾಂಶ ಬಿಟ್ಟುಬಿಡಬೇಕಾದರೆ ಒಂದು ಗಂಟೆಯೂ ದಾಟುತ್ತದೆ. ಏದುಸಿರು ಬಿಡುವ ರೋಗಿ ಅಷ್ಟು ಹೊತ್ತು ಅಲುಗಾಡದೆ ಮಲಗಲಾರ.

ಆದ್ದರಿಂದ ಎಲ್ಲ ಸಾಲುಗಳನ್ನೂ ಅಳೆಯುವುದಿಲ್ಲ. 1999ರ ಸೆನ್ಸ್, 2002ರ ಗ್ರಾಪ್ಪಾ ವಿಧಾನಗಳು ಎದೆಯ ಮೇಲಿನ ಹಲವು ಕಾಯಿಲ್‌ಗಳು (ಸಂಕೇತ ಹಿಡಿಯುವ ಆಂಟೆನಾಗಳು) ಬೇರೆಬೇರೆ ಜಾಗದಿಂದ ಕೇಳಿದ್ದನ್ನು ಬಳಸಿ ಬಿಟ್ಟ ಸಾಲುಗಳನ್ನು ತುಂಬುತ್ತವೆ. 2007ರಲ್ಲಿ ಎಂಆರ್‌ಐಗೆ ಬಂದ ಕಂಪ್ರೆಸ್ಡ್ ಸೆನ್ಸಿಂಗ್ ಇನ್ನೂ ಮುಂದೆ ಹೋಗಿ, ಸಾಲುಗಳನ್ನು ಅಡ್ಡಾದಿಡ್ಡಿಯಾಗಿ ಆರಿಸುತ್ತದೆ. ಒಂದು ಫ್ರೇಮಿಗೂ ಮುಂದಿನದಕ್ಕೂ ಹೆಚ್ಚು ವ್ಯತ್ಯಾಸವಿರದು ಎಂಬ ನಂಬಿಕೆಯ ಮೇಲೆ ಉಳಿದುದನ್ನು ಕಟ್ಟುತ್ತದೆ. ಎಂಟು ಪಟ್ಟು ವೇಗ ಹೆಚ್ಚಿಸಿದರೆ ಮೇಲಿನ 32 ನಿಮಿಷ ನಾಲ್ಕಕ್ಕೆ ಇಳಿಯುತ್ತದೆ.

ಎಡವಟ್ಟಾಗುವುದೂ ಆ ನಂಬಿಕೆಯಲ್ಲೇ. ಸಿಸ್ಟೊಲಿಯ (ಹೃದಯ ಸಂಕುಚಿಸಿ ರಕ್ತ ತಳ್ಳುವ ಹಂತ) ಉತ್ತುಂಗ ಒಂದೆರಡು ಫ್ರೇಮುಗಳಲ್ಲಿ ಮುಗಿದುಹೋಗುತ್ತದೆ. ನೆರೆಯ ಫ್ರೇಮುಗಳ ಜೊತೆ ಅದನ್ನು ಸವರಿದರೆ ಗರಿಷ್ಠ ವೇಗ ತಗ್ಗುತ್ತದೆ. ಒಟ್ಟು ಹರಿವಿನ ಲೆಕ್ಕ ಹೆಚ್ಚು ಕೆಡದಿರಬಹುದು, ಆದರೆ ಕಿರಿದಾದ ಕವಾಟದ ತೀರ್ಮಾನ ಕೆಡುತ್ತದೆ. ಕವಾಟದ ಎರಡೂ ಬದಿಯ ನಡುವಿನ ಒತ್ತಡದ ವ್ಯತ್ಯಾಸ ವೇಗದ ವರ್ಗದ ನಾಲ್ಕು ಪಟ್ಟು: ಸೆಕೆಂಡಿಗೆ 4 ಮೀಟರ್‌ಗೆ 64 ಮಿ.ಮೀ. ಪಾದರಸ, ಶೇ. 10 ತಗ್ಗಿ 3.6 ಆದರೆ 52. ತೀವ್ರ ಎನ್ನಬೇಕಾದ ಕಾಯಿಲೆ ಮಧ್ಯಮ ಎಂದು ವರದಿಯಾಗುತ್ತದೆ. ಗರಿಷ್ಠ ವೇಗಕ್ಕೆ ಡಾಪ್ಲರ್ ಎಕೋವನ್ನೇ ನಂಬುವುದು ಒಳ್ಳೆಯದು.

ಇನ್ನೊಂದು ದೋಷಕ್ಕೂ ಸ್ಕ್ಯಾನಿನ ವೇಗಕ್ಕೂ ಸಂಬಂಧವಿಲ್ಲ, ಆದರೆ ಅವಸರದಲ್ಲಿ ಮರೆತುಹೋಗುವುದು ಅದೇ. ಗ್ರೇಡಿಯಂಟ್ ಹುಟ್ಟಿಸುವ ಸುಳಿಪ್ರವಾಹಗಳಿಂದ (ಯಂತ್ರದ ಲೋಹದ ಭಾಗಗಳಲ್ಲಿ ಸುತ್ತುವ ವಿದ್ಯುತ್) ನಿಶ್ಚಲ ಅಂಗಾಂಶಕ್ಕೂ ಸುಳ್ಳು ವೇಗ ಅಂಟಿಕೊಳ್ಳುತ್ತದೆ. 3 ಸೆಂ.ಮೀ. ವ್ಯಾಸದ ಮಹಾಪಧಮನಿಯಲ್ಲಿ ಸೆಕೆಂಡಿಗೆ 1 ಸೆಂ.ಮೀ. ತಪ್ಪಿದರೂ ಬಡಿತಕ್ಕೆ 7 ಮಿ.ಲೀ. ವ್ಯತ್ಯಾಸ, ಅಗಲವಾಗಿ 4.5 ಆಗಿದ್ದರೆ 16. ಇದನ್ನು ಪತ್ತೆಹಚ್ಚಲು ಪಕ್ಕದ ಎದೆಗೋಡೆಯ ಸ್ನಾಯುವಿನಲ್ಲಿ ವೇಗ ಸೊನ್ನೆ ಇದೆಯೇ ನೋಡಬೇಕು. ಹೃದಯದಲ್ಲಿ ರಂಧ್ರವಿಲ್ಲದ ರೋಗಿಯಲ್ಲಿ ಮಹಾಪಧಮನಿ ಮತ್ತು ಶ್ವಾಸಕೋಶ ಧಮನಿಗಳ ನಿವ್ವಳ ಹರಿವು ಹೆಚ್ಚೂಕಡಿಮೆ ತಾಳೆಯಾಗಬೇಕು. ಆಗದಿದ್ದರೆ ವರದಿ ಬರೆಯುವ ಮುನ್ನ ಹಿನ್ನೆಲೆ ಫೇಸ್ ತಿದ್ದಿ, ಮತ್ತೆ ಲೆಕ್ಕ ಹಾಕಬೇಕು.