ಸೇವೆ ಕೊಳ್ಳುವುದು ಯಾಕೆ ಕಷ್ಟ: ಟೆಂಡರ್‌ನಿಂದ ಎಕ್ಸಿಟ್‌ವರೆಗೆ ಒಂದು ಟಿಪ್ಪಣಿ

ಹೊರಗಿನವರಿಂದ ಸೇವೆ ಕೊಳ್ಳುವ ಬಗ್ಗೆ ನಮ್ಮ ಪಠ್ಯದಲ್ಲಿರುವ ಅಧ್ಯಾಯವನ್ನು ಮೊದಲ ಸಲ ಓದಿದಾಗ ನಾನು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಟೆಂಡರ್ ಕರೆಯುವುದು, ಬಿಡ್ ತೆರೆಯುವುದು, ಒಪ್ಪಂದಕ್ಕೆ ಸಹಿ ಹಾಕುವುದು, ಇಷ್ಟನ್ನೇ ಬಾಯಿಪಾಠ ಮಾಡಿದ್ದೆ. ಸಹಿ ಬಿದ್ದರೆ ಖರೀದಿ ಮುಗಿಯಿತು ಅಂದುಕೊಂಡಿದ್ದೆ.

ಕುರ್ಚಿ ಕೊಳ್ಳುವಾಗ ಅದು ಸರಿ. ಕುರ್ಚಿ ಬಂತು, ಎಣಿಸಿದೆವು, ಕಾಲು ಅಲ್ಲಾಡುತ್ತದಾ ನೋಡಿದೆವು, ದುಡ್ಡು ಕೊಟ್ಟೆವು. ಸೇವೆ ಹಾಗಲ್ಲ. ಸಹಿ ಹಾಕುವ ದಿನ ನಮ್ಮ ಕೈಯಲ್ಲಿರುವುದು ಬರೀ ಮಾತು. ಮಾಲು ಆಮೇಲೆ ದಿನಾ ಸ್ವಲ್ಪ ಸ್ವಲ್ಪ ತಯಾರಾಗುತ್ತದೆ, ತಯಾರಾದ ಕ್ಷಣವೇ ಖರ್ಚೂ ಆಗಿಹೋಗುತ್ತದೆ. ನಿನ್ನೆ ರಾತ್ರಿ ಸೆಕ್ಯುರಿಟಿಯವನು ನಿದ್ದೆ ಮಾಡಿದ್ದರೆ, ಆ ರಾತ್ರಿಯನ್ನು ಇವತ್ತು ವಾಪಸ್ ಕಳಿಸಿ ಬೇರೆ ರಾತ್ರಿ ತರಿಸಿಕೊಳ್ಳಲು ಆಗುವುದಿಲ್ಲ, ಅಲ್ವಾ? ಈ ವ್ಯತ್ಯಾಸ ತಲೆಗೆ ಹೋದ ಮೇಲೆ ಉಳಿದ ಅಧ್ಯಾಯ ನನಗೆ ಸಲೀಸಾಯಿತು.

ಹೊರಗೆ ಕೊಡಬೇಕಾ, ಬೇಡವಾ

1937ರಲ್ಲಿ ರೊನಾಲ್ಡ್ ಕೋಸ್ ಎಂಬ ಅರ್ಥಶಾಸ್ತ್ರಜ್ಞ ಒಂದು ಸರಳ ಪ್ರಶ್ನೆ ಕೇಳಿದರು. ಬೇಕಾದ ಕೆಲಸವೆಲ್ಲ ಮಾರುಕಟ್ಟೆಯಲ್ಲೇ ಸಿಗುವಾಗ ಕಂಪನಿಗಳು ಯಾಕೆ ಜನರನ್ನು ಸಂಬಳಕ್ಕೆ ಇಟ್ಟುಕೊಳ್ಳುತ್ತವೆ? ಮಾರುಕಟ್ಟೆಯನ್ನು ಬಳಸುವುದಕ್ಕೂ ಒಂದು ಖರ್ಚಿದೆ ಅನ್ನುವುದು ಅವರ ಉತ್ತರ. ಯಾರು ಮಾಡಿಕೊಡುತ್ತಾರೆಂದು ಹುಡುಕಬೇಕು, ಚೌಕಾಸಿ ಮಾಡಬೇಕು, ಒಪ್ಪಂದ ಬರೆಯಬೇಕು. ಆಮೇಲೆ ಕೆಲಸ ಆಗುತ್ತಿದೆಯಾ ಎಂದು ಕಾಯುತ್ತಾ ಕೂರಬೇಕು. 1991ರಲ್ಲಿ ಅವರಿಗೆ ನೊಬೆಲ್ ಸಿಕ್ಕಿತು.

ಪರೀಕ್ಷೆಯ ಲೆಕ್ಕಗಳಲ್ಲಿ ನಾವು ಎಡವುವುದು ಇಲ್ಲೇ. ಒಳಗಿನ ಸಿಬ್ಬಂದಿಯ ಸಂಬಳ ಒಂದು ಕಡೆ, ಹೊರಗಿನವರ ಕೊಟೇಶನ್ ಇನ್ನೊಂದು ಕಡೆ ಇಟ್ಟು, ಕಡಿಮೆ ಯಾವುದೋ ಅದಕ್ಕೆ ಟಿಕ್ ಹಾಕುತ್ತೇವೆ. ಕೊಟೇಶನ್‌ಗೆ ಟೆಂಡರ್ ನಡೆಸುವ ಖರ್ಚು, ಉಸ್ತುವಾರಿ ನೋಡುವವರ ಸಂಬಳ, ಮುಂದೆ ವೆಂಡರ್ (ಸೇವೆ ಕೊಡುವವನು) ಬದಲಿಸಬೇಕಾದರೆ ಆಗುವ ಖರ್ಚು, ಇವನ್ನೂ ಸೇರಿಸಿ.

1989ರಲ್ಲಿ ಕೊಡಾಕ್ ತನ್ನ ಡೇಟಾ ಸೆಂಟರ್ ಕೆಲಸವನ್ನು ಐಬಿಎಂಗೆ ಕೊಟ್ಟಿತು. ದೊಡ್ಡ ಕಂಪನಿಯೊಂದು ಕಂಪ್ಯೂಟರ್ ವಿಭಾಗವನ್ನೇ ಹೊರಗೆ ಕೊಟ್ಟದ್ದು ಆಗ ದೊಡ್ಡ ಸುದ್ದಿ. ಆಮೇಲೆ ಬೇರೆ ಕಂಪನಿಗಳಿಗೂ ಧೈರ್ಯ ಬಂತು.

ಕೊಳ್ಳುತ್ತಿರುವುದು ಯಾವ ಬಗೆಯದು

ಗುಣಮಟ್ಟ ನಮಗೆ ಯಾವಾಗ ಗೊತ್ತಾಗುತ್ತದೆ ಅನ್ನುವುದರ ಮೇಲೆ ಮೂರು ಬಗೆ ಮಾಡುತ್ತಾರೆ. ಮೊದಲ ಎರಡು 1970ರಲ್ಲಿ ಅರ್ಥಶಾಸ್ತ್ರಜ್ಞ ಫಿಲಿಪ್ ನೆಲ್ಸನ್ ಹೇಳಿದ್ದು. ಕೆಲವನ್ನು ಕೊಳ್ಳುವ ಮೊದಲೇ ನೋಡಿ ತಿಳಿಯಬಹುದು. ಕೆಲವು ಬಳಸಿದ ಮೇಲಷ್ಟೇ ತಿಳಿಯುತ್ತವೆ. ಮೂರನೆಯದನ್ನು 1973ರಲ್ಲಿ ಡಾರ್ಬಿ ಮತ್ತು ಕಾರ್ನಿ ಸೇರಿಸಿದರು: ಬಳಸಿದ ಮೇಲೂ ಚೆನ್ನಾಗಿತ್ತಾ ಇಲ್ಲವಾ ಎಂದು ನಮಗೆ ಸುಲಭಕ್ಕೆ ಗೊತ್ತಾಗದವು.

ಹೆಚ್ಚಿನ ಸೇವೆಗಳು ಎರಡನೆಯ, ಮೂರನೆಯ ಬಗೆಯವು. ಕಾಲ್ ಸೆಂಟರ್ ಹೇಗಿದೆ ಎಂದು ಒಂದು ತಿಂಗಳು ನಡೆಸಿದರೆ ತಿಳಿಯುತ್ತದೆ. ಸಾಫ್ಟ್‌ವೇರ್‌ನ ಸೆಕ್ಯುರಿಟಿ ಟೆಸ್ಟಿಂಗ್ ತೆಗೆದುಕೊಳ್ಳಿ. ವೆಂಡರ್ 'ಏನೂ ದೋಷ ಸಿಗಲಿಲ್ಲ' ಎಂದು ವರದಿ ಕೊಟ್ಟ. ನಿಜಕ್ಕೂ ದೋಷವಿಲ್ಲವೋ, ಅವನು ಹುಡುಕಲೇ ಇಲ್ಲವೋ? ಎರಡೂ ವರದಿ ನೋಡಲು ಒಂದೇ ತರ ಇರುತ್ತವೆ. ಇಂಥ ಕಡೆ ಕಡಿಮೆ ಬೆಲೆಯವನಿಗೇ ಕೆಲಸ ಕೊಟ್ಟರೆ, ಕಡಿಮೆ ಹುಡುಕುವವನಿಗೆ ಕೊಟ್ಟ ಹಾಗೆ ಆಗಬಹುದು. ಬಳಸಿ ತಿಳಿಯುವ ಬಗೆಗೆ ಚಿಕ್ಕದೊಂದು ಪೈಲಟ್ ಮಾಡಿಸಬಹುದು, ಹಳೇ ಗ್ರಾಹಕರನ್ನು ವಿಚಾರಿಸಬಹುದು. ಮೂರನೆಯ ಬಗೆಗೆ ಕೆಲಸ ಮಾಡುವ ವ್ಯಕ್ತಿಗಳ ಅನುಭವ ನೋಡಬೇಕು. ಆಗಾಗ ಬೇರೆಯವರಿಂದ ಮರುಪರೀಕ್ಷೆ ಮಾಡಿಸಬೇಕು.

ಏನು ಬೇಕು ಎಂದು ಬರೆಯುವುದು

ಮೂರು ಪದಗಳನ್ನು ಗೊಂದಲ ಮಾಡಿಕೊಳ್ಳಬೇಡಿ. ಮಾರುಕಟ್ಟೆಯಲ್ಲಿ ಏನೇನಿದೆ ಎಂದು ಸುಮ್ನೆ ಕೇಳುವುದು ಆರ್‌ಎಫ್‌ಐ. ಏನು ಬೇಕೆಂದು ನಮಗೆ ಪಕ್ಕಾ ಗೊತ್ತಿದ್ದು ದರ ಮಾತ್ರ ಕೇಳುವುದು ಆರ್‌ಎಫ್‌ಕ್ಯೂ. ಸಮಸ್ಯೆ ಹೇಳಿ, ಹೇಗೆ ಮಾಡುತ್ತೀರಿ, ಎಷ್ಟಕ್ಕೆ ಮಾಡುತ್ತೀರಿ ಎಂದು ಕೇಳುವುದು ಆರ್‌ಎಫ್‌ಪಿ.

ಇದಕ್ಕಿಂತ ಮುಖ್ಯ ಕೆಲಸದ ವಿವರ. 'ದಿನಾ 10 ಜನ ಕ್ಲೀನರ್‌ಗಳು ಬರಬೇಕು' ಎಂದು ಬರೆದರೆ ನಾವು ಕೊಂಡದ್ದು 10 ಜನರ ಹಾಜರಿ. ನೆಲ ಕೊಳಕಾಗಿದ್ದರೂ ಬಿಲ್ ಕಟ್ಟಲೇಬೇಕು. 'ಬೆಳಗ್ಗೆ 8 ಗಂಟೆಗೆ ತಪಾಸಣೆ ಮಾಡಿದಾಗ ನೆಲದಲ್ಲಿ ಕಸ, ಕಲೆ ಇರಬಾರದು' ಎಂದರೆ ಕೊಂಡದ್ದು ಚೊಕ್ಕ ನೆಲ. ಎಷ್ಟು ಜನ ಬೇಕೆಂಬ ತಲೆನೋವು ವೆಂಡರ್‌ನದು. ಆದರೆ ಈಗ ಬೆಳಗ್ಗೆ 8ಕ್ಕೆ ನೋಡುವವರೊಬ್ಬರು ನಮ್ಮ ಕಡೆ ಇರಬೇಕು. ಫಲಿತಾಂಶ ಬರೆದು, ಅಳೆಯುವ ವ್ಯವಸ್ಥೆ ಮಾಡದೆ ಬಿಟ್ಟರೆ ಹಾಜರಿ ಎಣಿಸಿದ್ದೇ ವಾಸಿ ಅನಿಸುತ್ತದೆ.

ಅಂಕ ಹಾಕುವ ಆಟ

ನನಗೆ ತುಂಬಾ ಇಷ್ಟವಾದ ಭಾಗ ಇದು. ಸೇವೆಗಳಿಗೆ ಬೆಲೆ ಮತ್ತು ಗುಣಮಟ್ಟ ಎರಡಕ್ಕೂ ಅಂಕ ಕೊಟ್ಟು ಕೂಡಿಸುವ ಪದ್ಧತಿ ಇದೆ. ಹೆಸರು ಕ್ಯೂಸಿಬಿಎಸ್. ಕನ್ಸಲ್ಟೆಂಟ್‌ಗಳನ್ನು ಆರಿಸಲು ವಿಶ್ವಬ್ಯಾಂಕ್ ಬಳಸುವ ಪದ್ಧತಿಗಳಲ್ಲಿ ಇದೂ ಒಂದು. ಎಲ್ಲರಿಗಿಂತ ಕಡಿಮೆ ಬೆಲೆಯವನಿಗೆ ಬೆಲೆಯಲ್ಲಿ 100 ಅಂಕ. ಉಳಿದವರಿಗೆ, ಆ ಕಡಿಮೆ ಬೆಲೆಯನ್ನು ಅವರ ಬೆಲೆಯಿಂದ ಭಾಗಿಸಿ 100ರಿಂದ ಗುಣಿಸಿದಷ್ಟು.

ಮೂವರು ಬಂದಿದ್ದಾರೆ ಅಂದುಕೊಳ್ಳಿ. 'ಅ'ನ ಗುಣಮಟ್ಟ 90, ಬೆಲೆ 140. 'ಬ'ನ ಗುಣಮಟ್ಟ 80, ಬೆಲೆ 100. 'ಕ'ನ ಗುಣಮಟ್ಟ 72, ಬೆಲೆ 90. ಹಾಗಾದರೆ ಬೆಲೆಯ ಅಂಕ ಕ್ರಮವಾಗಿ 64.3, 90, 100.

ಗುಣಮಟ್ಟಕ್ಕೆ 80, ಬೆಲೆಗೆ 20 ತೂಕ ಕೊಟ್ಟರೆ ಮೊತ್ತ 84.9, 82, 77.6. ಗೆದ್ದವನು 'ಅ'.

70 ಮತ್ತು 30 ಮಾಡಿದರೆ 82.3, 83, 80.4. ಈಗ 'ಬ' ಗೆದ್ದ.

50 ಮತ್ತು 50 ಮಾಡಿದರೆ 77.1, 85, 86. ಈಗ 'ಕ'!

ಬಿಡ್‌ಗಳಲ್ಲಿ ಒಂದಕ್ಷರ ಬದಲಾಗಿಲ್ಲ. ತೂಕ ಬದಲಾಯಿತು, ಮೂವರೂ ಒಂದೊಂದು ಸಲ ಗೆದ್ದರು. ಅಂದರೆ ಅರ್ಧ ತೀರ್ಮಾನ ಬಿಡ್ ತೆರೆಯುವ ಮೊದಲೇ ಆಗಿಹೋಗಿರುತ್ತದೆ. ತೂಕಗಳನ್ನು ಮುಂಚೆಯೇ ಪ್ರಕಟಿಸಬೇಕು, ಆಮೇಲೆ ಮುಟ್ಟಬಾರದು ಅನ್ನುವ ನಿಯಮ ಯಾಕಿದೆ ಎಂದು ನನಗೆ ಅರ್ಥವಾದದ್ದು ಈ ಲೆಕ್ಕ ಕೈಯಾರೆ ಮಾಡಿದ ಮೇಲೆ. ನೀವೂ 60, 40 ಹಾಕಿ ಒಮ್ಮೆ ನೋಡಿ.

ತುಂಬಾ ಕಡಿಮೆಗೆ ಬಿಡ್ ಹಾಕಿದವನ ಬಗ್ಗೆ ಒಂದು ಎಚ್ಚರಿಕೆ. ಕೆಲಸಕ್ಕೆ ನಿಜವಾಗಿ ಎಷ್ಟು ಖರ್ಚು ಬೀಳುತ್ತದೆ ಎಂದು ಯಾರಿಗೂ ಖಚಿತವಿಲ್ಲದಾಗ, ಗೆಲ್ಲುವವನು ಹೆಚ್ಚಾಗಿ ಖರ್ಚನ್ನು ತೀರಾ ಕಡಿಮೆ ಅಂದಾಜು ಮಾಡಿದವನೇ. ಇದಕ್ಕೆ ಗೆದ್ದವನ ಶಾಪ ಅನ್ನುತ್ತಾರೆ. ತೈಲ ನಿಕ್ಷೇಪಗಳ ಹರಾಜಿನ ಬಗ್ಗೆ ಮೂವರು ಎಂಜಿನಿಯರ್‌ಗಳು ಇದನ್ನು 1971ರಲ್ಲಿ ಬರೆದರು. ಅಲ್ಲಿ ಬೆಲೆ ಜಾಸ್ತಿ ಕೂಗಿದವನಿಗೆ ಪೆಟ್ಟು, ಇಲ್ಲಿ ಕಡಿಮೆ ಕೂಗಿದವನಿಗೆ. ಆ ನಷ್ಟವನ್ನು ಅವನೊಬ್ಬನೇ ನುಂಗುತ್ತಾನೆ ಅಂದುಕೊಳ್ಳಬೇಡಿ. ಜನ ಕಡಿಮೆ ಮಾಡುತ್ತಾನೆ, ಇಲ್ಲವೇ ಪ್ರತಿಯೊಂದು ಚಿಕ್ಕ ಬದಲಾವಣೆಗೂ ಚೇಂಜ್ ರಿಕ್ವೆಸ್ಟ್ ಎಂದು ಹೊಸ ಬಿಲ್ ಕಳಿಸುತ್ತಾನೆ.

ಹಣ ಕೊಡುವ ಬಗೆ ಸುಲಭ, ಬೇಗ ಮುಗಿಸುತ್ತೇನೆ. ಕೆಲಸ ಸ್ಪಷ್ಟವಿದ್ದರೆ ಫಿಕ್ಸೆಡ್ ಪ್ರೈಸ್, ಅಂದರೆ ಮೊದಲೇ ನಿಗದಿಯಾದ ಮೊತ್ತ, ಖರ್ಚು ಏರಿದರೆ ವೆಂಡರ್‌ಗೆ ಹೊರೆ. ಸ್ಪಷ್ಟವಿಲ್ಲದಿದ್ದರೆ ಟೈಮ್ ಅಂಡ್ ಮೆಟೀರಿಯಲ್, ಅಂದರೆ ಹಿಡಿದ ಸಮಯ ಮತ್ತು ಬಳಸಿದ ಸಾಮಗ್ರಿಗೆ ತಕ್ಕ ಹಣ, ಖರ್ಚು ಏರಿದರೆ ನಮಗೆ ಹೊರೆ.

ಎಸ್‌ಎಲ್‌ಎ ಎಂಬ ಕೈಮರ

ಎಸ್‌ಎಲ್‌ಎ ಅಂದರೆ ಸರ್ವೀಸ್ ಲೆವೆಲ್ ಅಗ್ರಿಮೆಂಟ್. ಸೇವೆ ಯಾವ ಮಟ್ಟದಲ್ಲಿರಬೇಕು, ಇಳಿದರೆ ಬಿಲ್‌ನಲ್ಲಿ ಎಷ್ಟು ಕಡಿತ ಎಂದು ಹೇಳುವ ಒಪ್ಪಂದದ ಭಾಗ ಇದು. '99.9 ಶೇಕಡಾ ಸಮಯ ಸಿಸ್ಟಮ್ ನಡೆಯುತ್ತಿರಬೇಕು' ಎಂದಿದ್ದರೆ ಓದಲು ಭರ್ಜರಿಯಾಗಿದೆ. ಲೆಕ್ಕ ಹಾಕಿ. 30 ದಿನದ ತಿಂಗಳಿಗೆ 43,200 ನಿಮಿಷ. ಅದರಲ್ಲಿ 0.1 ಶೇಕಡಾ ಅಂದರೆ 43 ನಿಮಿಷ ನಿಲ್ಲಬಹುದು. ಅದೇ ಅಳತೆ ತಿಂಗಳಿಗಲ್ಲ, ವರ್ಷಕ್ಕೆ ಎಂದು ಬರೆದಿದ್ದರೆ? 8,760 ಗಂಟೆಯಲ್ಲಿ 8.76 ಗಂಟೆ. ಅಷ್ಟೂ ಒಂದೇ ದಿನ, ಕೆಲಸದ ಹೊತ್ತಿನಲ್ಲಿ ನಿಂತರೂ ಒಪ್ಪಂದ ಮುರಿದಂತಾಗುವುದಿಲ್ಲ. ಶೇಕಡಾ ನೋಡುವ ಮೊದಲು ಯಾವ ಅವಧಿಗೆ ಎಂದು ನೋಡಿ. 'ಮೊದಲೇ ತಿಳಿಸಿ ನಿಲ್ಲಿಸಿದ್ದು ಲೆಕ್ಕಕ್ಕಿಲ್ಲ' ಎಂಬ ಸಣ್ಣ ಅಕ್ಷರದ ಸಾಲನ್ನೂ ನೋಡಿ.

ಇನ್ನೊಂದು ತೊಂದರೆಯೂ ಇದೆ. ಅಳತೆಯನ್ನೇ ಗುರಿ ಮಾಡಿದರೆ ಅದು ಒಳ್ಳೆಯ ಅಳತೆಯಾಗಿ ಉಳಿಯುವುದಿಲ್ಲ, ಇದನ್ನು ಗುಡ್‌ಹಾರ್ಟ್ ನಿಯಮ ಅನ್ನುತ್ತಾರೆ. ನಾವು ಚಾಪೆ ಕೆಳಗೆ ತೂರಿದರೆ ವೆಂಡರ್ ರಂಗೋಲಿ ಕೆಳಗೆ ತೂರುತ್ತಾನೆ. 'ದೂರು 4 ಗಂಟೆಯಲ್ಲಿ ಮುಗಿಸಬೇಕು' ಎಂದರೆ, ಮೂರೂಮುಕ್ಕಾಲು ಗಂಟೆಗೆ ದೂರನ್ನು ಮುಚ್ಚಿ, ಹೊಸ ದೂರು ಕೊಡಿ ಎನ್ನುತ್ತಾರೆ. ವರದಿಯಲ್ಲಿ ಎಲ್ಲವೂ ಹಸಿರು, ಬಳಸುವವರ ಮುಖ ಮಾತ್ರ ಕೆಂಪು. ಮತ್ತೆ ತೆರೆದ ದೂರುಗಳನ್ನೂ ಎಣಿಸಿದರೆ ಈ ದಾರಿ ಮುಚ್ಚುತ್ತದೆ. ಇನ್ನೊಂದು ತೆರೆದುಕೊಳ್ಳುತ್ತದೆ, ಅದು ಬೇರೆ ಮಾತು.

ಸಹಿ ಆದ ಮೇಲೆ

ಆಲಿವರ್ ವಿಲಿಯಮ್ಸನ್, 2009ರಲ್ಲಿ ನೊಬೆಲ್ ಹಂಚಿಕೊಂಡವರು, ಒಂದು ಮಾತನ್ನು ಒತ್ತಿ ಹೇಳಿದರು. ಸಹಿಗೆ ಮೊದಲು ಹತ್ತು ಜನ ವೆಂಡರ್‌ಗಳು ಬಾಗಿಲಲ್ಲಿರುತ್ತಾರೆ. ಸಹಿ ಆಗಿ ಒಂದು ವರ್ಷ ಕಳೆದ ಮೇಲೆ ನಮಗಿರುವುದು ಒಬ್ಬನೇ. ನಮ್ಮ ಡೇಟಾ ಅವನ ಸಿಸ್ಟಮ್‌ನಲ್ಲಿದೆ. ಕೆಲಸದ ಒಳಗುಟ್ಟು ಅವನ ಜನರಿಗೆ ಗೊತ್ತು, ಅದನ್ನು ಬಲ್ಲ ನಮ್ಮವರು ಬಿಟ್ಟುಹೋಗಿದ್ದಾರೆ. ಆಮೇಲೆ ಅವನು ಬಿಸಿ ತುಪ್ಪ, ನುಂಗಲೂ ಆಗದು, ಉಗುಳಲೂ ಆಗದು.

ಎಷ್ಟೇ ಪುಟ ಬರೆದರೂ ಒಪ್ಪಂದದಲ್ಲಿ ಎಲ್ಲವನ್ನೂ ಹಿಡಿಯಲು ಆಗುವುದಿಲ್ಲ. ಇದರ ಬಗ್ಗೆ ಕೆಲಸ ಮಾಡಿದವರು ಆಲಿವರ್ ಹಾರ್ಟ್. ಒಪ್ಪಂದಗಳ ಸಿದ್ಧಾಂತಕ್ಕಾಗಿ 2016ರಲ್ಲಿ ಅವರಿಗೂ ಬೆಂಗ್ಟ್ ಹೋಲ್ಮ್‌ಸ್ಟ್ರಾಮ್ ಅವರಿಗೂ ನೊಬೆಲ್ ಬಂತು. ಹಾರ್ಟ್ ಇನ್ನಿಬ್ಬರ ಜೊತೆ 1997ರಲ್ಲಿ ಖಾಸಗಿ ಜೈಲುಗಳ ಉದಾಹರಣೆ ಕೊಟ್ಟಿದ್ದರು. ನಡೆಸುವವನಿಗೆ ಖರ್ಚು ಇಳಿಸಲು ಆಸೆ ಜಾಸ್ತಿ. ಒಪ್ಪಂದದಲ್ಲಿ ಬರೆಯಲು ಬಾರದ ಗುಣಮಟ್ಟವೇ ಮೊದಲು ಕರಗುತ್ತದೆ.

ಅದಕ್ಕೇ ಒಳಗೆ ಕೆಲಸ ಬಲ್ಲವರನ್ನು ಒಂದಿಬ್ಬರನ್ನಾದರೂ ಉಳಿಸಿಕೊಳ್ಳಬೇಕು ಅನ್ನುವುದು ನನ್ನ ಅಭಿಪ್ರಾಯ. 'ಹೊರಗೆ ಕೊಟ್ಟೆವಲ್ಲ, ಇವರು ಯಾಕೆ?' ಎಂದು ಕೇಳುವವರು ಇದ್ದೇ ಇರುತ್ತಾರೆ. ವೆಂಡರ್ ಹೇಳಿದ್ದು ನಿಜವೋ ಸುಳ್ಳೋ ಎಂದು ಅಳೆಯುವವರು ಇವರೇ.

ಹೊರಬರುವ ದಾರಿಯನ್ನು ಒಳಹೋಗುವ ದಿನವೇ ಬರೆಯಬೇಕು. ವೆಂಡರ್ ದಿವಾಳಿಯಾಗುವುದೂ ಉಂಟು. ಬ್ರಿಟನ್‌ನಲ್ಲಿ ಆಸ್ಪತ್ರೆ, ಶಾಲೆ, ಜೈಲುಗಳಿಗೆ ಸೇವೆ ಕೊಡುತ್ತಿದ್ದ ಕ್ಯಾರಿಲಿಯನ್ ಕಂಪನಿ 2018ರ ಜನವರಿಯಲ್ಲಿ ಮುಳುಗಿತು. ಮರುದಿನವೂ ಶಾಲೆಯ ಮಕ್ಕಳಿಗೆ ಊಟ ಆಗಬೇಕಲ್ಲ, ಸರ್ಕಾರವೇ ದುಡ್ಡು ಹಾಕಿ ಸೇವೆ ನಿಲ್ಲದಂತೆ ನೋಡಿಕೊಂಡಿತು.

ಎಕ್ಸಿಟ್ ಭಾಗದ ಪ್ರಶ್ನೆ ಬಂದರೆ ಇಷ್ಟು ಬರೆಯಿರಿ: ಡೇಟಾ ಯಾರದು ಮತ್ತು ಯಾವ ಫಾರ್ಮ್ಯಾಟ್‌ನಲ್ಲಿ ವಾಪಸ್ ಬರಬೇಕು, ಹೊಸ ವೆಂಡರ್‌ಗೆ ಹಳಬ ಎಷ್ಟು ತಿಂಗಳು ಕೆಲಸ ಹೇಳಿಕೊಡಬೇಕು, ಆ ತಿಂಗಳುಗಳ ದರ ಎಷ್ಟು, ಅವನ ಸಿಬ್ಬಂದಿಯನ್ನು ನಾವು ಸೇರಿಸಿಕೊಳ್ಳಬಹುದಾ, ಮತ್ತು ಪಾಸ್‌ವರ್ಡ್‌ಗಳು ಯಾರ ಹತ್ತಿರ ಇರುತ್ತವೆ. ಕೊನೆಯದನ್ನು ಓದಿ ನಗಬೇಡಿ, ಎಲ್ಲರೂ ಮರೆಯುವುದು ಅದನ್ನೇ.