ಪಕ್ಕದವರ ಹೊಗೆ, ನಮ್ಮ ಡಿಎನ್‌ಎ

ಸಿಗರೇಟು ಸೇದುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚು ಎಂದು ಬ್ರಿಟನ್ನಿನ ರಿಚರ್ಡ್ ಡಾಲ್ ಮತ್ತು ಬ್ರಾಡ್‌ಫರ್ಡ್ ಹಿಲ್ ತೋರಿಸಿದ್ದು 1950ರಲ್ಲಿ. ಆಸ್ಪತ್ರೆಯ ರೋಗಿಗಳನ್ನು ವಿಚಾರಿಸಿ, ಲೆಕ್ಕ ಹಾಕಿ ಅವರು ಕಂಡುಕೊಂಡ ಸತ್ಯ ಅದು. ಹೊಗೆ ಜೀವಕೋಶದೊಳಗೆ ಏನು ಮಾಡುತ್ತದೆ ಎಂಬುದು ಆಗ ಯಾರಿಗೂ ಸ್ಪಷ್ಟವಿರಲಿಲ್ಲ. ತಂಬಾಕು ಕಂಪನಿಗಳು ದಶಕಗಟ್ಟಲೆ ಜೋತುಬಿದ್ದಿದ್ದು ಈ ಕೊರತೆಗೇ.

1996ರಲ್ಲಿ ಅದು ತುಂಬಿತು. ಹೊಗೆಯಲ್ಲಿ ಬೆಂಜೋಪೈರೀನ್ ಎಂಬ ರಾಸಾಯನಿಕವಿದೆ. ಅದನ್ನು ಹೊರಹಾಕಲು ಹೊರಟ ನಮ್ಮ ದೇಹದ ಕಿಣ್ವಗಳೇ ಅದನ್ನು ಇನ್ನಷ್ಟು ಅಪಾಯಕಾರಿ ರೂಪಕ್ಕೆ ತಿರುಗಿಸುತ್ತವೆ. ಆ ರೂಪ ಡಿಎನ್‌ಎಯ ನಾಲ್ಕು ಅಕ್ಷರಗಳಲ್ಲಿ (ಎ, ಟಿ, ಜಿ, ಸಿ) ಒಂದಾದ 'ಜಿ'ಗೆ ಹೋಗಿ ಅಂಟಿಕೊಳ್ಳುತ್ತದೆ. ಗಡ್ಡೆ ಬೆಳೆಯದಂತೆ ಕಾಯುವ ಪಿ53 ಜೀನ್‌ನಲ್ಲಿ ಅದು ಎಲ್ಲೆಲ್ಲಿ ಅಂಟುತ್ತದೆ ಎಂದು ಅಮೆರಿಕದ ಮಿಖಾಯಿಲ್ ಡೆನಿಸೆಂಕೊ, ಗೆರ್ಡ್ ಫೈಫರ್ ಮತ್ತು ಸಂಗಡಿಗರು ಗುರುತಿಸಿದರು. 157, 248, 273ನೇ ಸ್ಥಾನಗಳು! ಶ್ವಾಸಕೋಶದ ಗಡ್ಡೆಗಳಲ್ಲಿ ಮತ್ತೆ ಮತ್ತೆ ಕೆಟ್ಟಿರುತ್ತಿದ್ದ ಜಾಗಗಳೂ ಅವೇ.

ಅಂಟಿದ್ದೆಲ್ಲ ಹಾಗೇ ಉಳಿಯುವುದಿಲ್ಲ. ರಾಸಾಯನಿಕ ಅಂಟಿ ಉಬ್ಬಿದ ಜಾಗವನ್ನು ಪತ್ತೆಹಚ್ಚುವ ಪ್ರೋಟೀನುಗಳು ಸುಮಾರು 30 ಅಕ್ಷರಗಳ ತುಂಡನ್ನು ಕತ್ತರಿಸಿ ತೆಗೆದು, ಎದುರಿನ ಎಳೆಯನ್ನು ನೋಡಿಕೊಂಡು ಹೊಸದಾಗಿ ತುಂಬುತ್ತವೆ. ಆದರೆ ಜೀನ್‌ನ ಎರಡು ಎಳೆಗಳಲ್ಲಿ ಒಂದರ ರಿಪೇರಿ ಬೇಗ, ಇನ್ನೊಂದರದ್ದು ನಿಧಾನ. ಅಷ್ಟರಲ್ಲಿ ಕೋಶ ಒಡೆದು ಎರಡಾದರೆ 'ಜಿ' ಇದ್ದಲ್ಲಿ 'ಟಿ' ಬಂದು ಕೂರುತ್ತದೆ, ಆಮೇಲೆ ತಿದ್ದುವವರಿಲ್ಲ. ಸಾಲದ್ದಕ್ಕೆ ಹೊಗೆಯಲ್ಲಿರುವ ಅಕ್ರೋಲಿನ್‌ನಂಥ ವಸ್ತುಗಳು ರಿಪೇರಿಯ ಪ್ರೋಟೀನುಗಳನ್ನೇ ಕುಂಠಿತಗೊಳಿಸುತ್ತವೆ. ನನಗೆ ಅತ್ಯಂತ ಕಳವಳ ತರುವ ಸಂಗತಿ ಇದೇ. ದಿನಕ್ಕೊಂದು ಪ್ಯಾಕ್ ಸೇದಿದರೆ ಶ್ವಾಸಕೋಶದ ಪ್ರತಿ ಕೋಶದಲ್ಲೂ ವರ್ಷಕ್ಕೆ ಸರಾಸರಿ 150 ರೂಪಾಂತರಗಳು (ಡಿಎನ್‌ಎ ಅಕ್ಷರಗಳ ಇಂಥ ಬದಲಾವಣೆಗಳು) ಸೇರುತ್ತವೆ ಎಂದು 2016ರ ಅಧ್ಯಯನವೊಂದು ಅಂದಾಜು ಮಾಡಿತು.

ಸೇದದವರ ಕಥೆ ಇನ್ನೂ ನಿಧಾನವಾಗಿ ಬಿಚ್ಚಿಕೊಂಡಿತು. 1981ರಲ್ಲಿ ಜಪಾನಿನ ತಕೇಶಿ ಹಿರಾಯಾಮಾ, ತಾವು ಸೇದದ 91,540 ಗೃಹಿಣಿಯರ ಲೆಕ್ಕ ಮುಂದಿಟ್ಟರು. ಗಂಡ ಹೆಚ್ಚು ಸೇದಿದಷ್ಟೂ ಹೆಂಡತಿಗೆ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಹೆಚ್ಚು. ಕಂಪನಿಗಳು ಆ ಅಧ್ಯಯನದ ಮೇಲೆ ಮುಗಿಬಿದ್ದವು. 1993ರಲ್ಲಿ ಸ್ಟೀಫನ್ ಹೆಕ್ಟ್ ತಂಡ, ಉರಿಯುವ ತುದಿಯಿಂದೇಳುವ ಹೊಗೆಯಲ್ಲಿ ಕೂತ ಸೇದದವರ ಮೂತ್ರ ಪರೀಕ್ಷಿಸಿತು. ತಂಬಾಕಿನಿಂದ ಮಾತ್ರ ಬರುವ ಎನ್‌ಎನ್‌ಕೆ ಎಂಬ ಕ್ಯಾನ್ಸರ್‌ಕಾರಕದ ಅವಶೇಷ ಅದರಲ್ಲಿ ಸಿಕ್ಕಿತು. ಬೇರೆಲ್ಲಿಂದಲೋ ಬಂದಿರಬಹುದು ಎನ್ನಲು ಜಾಗವೇ ಉಳಿಯಲಿಲ್ಲ.

ಹಾಗಂತ ಇಬ್ಬರ ಡಿಎನ್‌ಎಯೂ ಒಂದೇ ಥರ ಕೆಡುತ್ತದೆ ಎನ್ನುವುದು ಸರಿಯಲ್ಲ. ಎಂದೂ ಸೇದದ 232 ಶ್ವಾಸಕೋಶದ ಕ್ಯಾನ್ಸರ್ ರೋಗಿಗಳ ಗಡ್ಡೆಗಳ ಡಿಎನ್‌ಎಯನ್ನು 2021ರಲ್ಲಿ ಪೂರ್ತಿ ಓದಿದಾಗ, ಪರರ ಹೊಗೆ ಕುಡಿದವರಲ್ಲೂ ಧೂಮಪಾನ ಡಿಎನ್‌ಎಯಲ್ಲಿ ಬಿಡುವ ಗಾಢ ಗುರುತು ಕಾಣಲಿಲ್ಲ. ಅಪಾಯವಂತೂ ಇದ್ದೇ ಇದೆ: ಸೇದುವವರ ಜೊತೆ ಬಾಳುವವರಿಗೆ ಶ್ವಾಸಕೋಶದ ಕ್ಯಾನ್ಸರ್ ಸಾಧ್ಯತೆ ಶೇ 20ರಿಂದ 30ರಷ್ಟು ಹೆಚ್ಚು ಎಂದು ಅಮೆರಿಕದ ಸರ್ಜನ್ ಜನರಲ್ (ಸರ್ಕಾರದ ಉನ್ನತ ಆರೋಗ್ಯಾಧಿಕಾರಿ) ವರದಿ 2006ರಲ್ಲೇ ಹೇಳಿದೆ.

ಸೇದುವುದನ್ನು ಬಿಟ್ಟವರಿಗೆ 2020ರಲ್ಲಿ ಒಳ್ಳೆಯ ಸುದ್ದಿ ಬಂತು. ಅವರ ಶ್ವಾಸನಾಳಗಳಲ್ಲಿ ಹಾನಿ ಕಡಿಮೆಯಿರುವ ಕೋಶಗಳು ಈಗಲೂ ಸೇದುತ್ತಿರುವವರಿಗಿಂತ ಸುಮಾರು ನಾಲ್ಕು ಪಟ್ಟು ಹೆಚ್ಚಿದ್ದವು. ಸೇದದೆಯೇ ಹೊಗೆ ಕುಡಿಯುವವರಿಗೆ ಬಿಡುವ ಈ ದಾರಿ ತಮ್ಮ ಕೈಯಲ್ಲಿಲ್ಲ. ಸಾರ್ವಜನಿಕ ಜಾಗಗಳಲ್ಲಿ ಧೂಮಪಾನ ನಿಷೇಧಿಸುವ ನಿಯಮ ನಮ್ಮಲ್ಲಿ 2008ರ ಅಕ್ಟೋಬರ್ 2ರಿಂದ ಜಾರಿಯಲ್ಲಿದೆ. ಮನೆ ಅದರ ವ್ಯಾಪ್ತಿಗೆ ಬರುವುದಿಲ್ಲ. 2016-17ರ ತಂಬಾಕು ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇ 38.7ರಷ್ಟು ಮಂದಿ ಬೇರೆಯವರ ಹೊಗೆ ಕುಡಿಯುತ್ತಿದ್ದದ್ದು ಮನೆಯೊಳಗೇ.